ಮನೆಯ ಕಂಪ್ಯೂಟರ್‌ಗಳ ನಡುವೆ ಫೈಲ್ ಹಂಚಿಕೊಳ್ಳಲು ಯಾವ ನೆಟ್‌ವರ್ಕ್ ಫೈಲ್‌ಸಿಸ್ಟಂ ಹಾಕಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿ ಐದು ಕಂಪ್ಯೂಟರ್ ಇವೆ. ಅಪ್ಪನ ವಿಂಡೋಸ್ ಡೆಸ್ಕ್‌ಟಾಪ್, ಅಕ್ಕನ ಹಳೇ ಮ್ಯಾಕ್, ನನ್ನ ಎರಡು ಲಿನಕ್ಸ್ ಯಂತ್ರಗಳು, ಮತ್ತೆ ಟಿವಿ ಕೆಳಗೆ ಹಗಲೂ ರಾತ್ರಿ ಓಡುವ ಒಂದು ಹಳೇ ಲ್ಯಾಪ್‌ಟಾಪ್. ಮನೆಯವರ ಫೋಟೊ, ಹಾಡು, ಕಾಗದಪತ್ರ ಎಲ್ಲ ಆ ಹಳೇ ಲ್ಯಾಪ್‌ಟಾಪಿನ ಡಿಸ್ಕಿನಲ್ಲಿದೆ, ಎಲ್ಲರೂ ಅವರವರ ಜಾಗದಿಂದಲೇ ತೆರೆಯುತ್ತಾರೆ. ಇದನ್ನು ನೋಡಿದ ನೆಂಟರು, ಗೆಳೆಯರು ತಮ್ಮ ಮನೆಗೂ ಹಾಕಿಕೊಡು ಅಂತ ಕೇಳುತ್ತಾರೆ, ಹಾಕಿಕೊಟ್ಟ ಮೇಲೆ ಫೋನ್ ಮಾಡಿ ಇನ್ನೂ ಜಾಸ್ತಿ ಕೇಳುತ್ತಾರೆ. ಆ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ನೆಟ್‌ವರ್ಕ್ ಫೈಲ್‌ಸಿಸ್ಟಂ ಅಂದರೆ ಏನು? ಪೆನ್ ಡ್ರೈವ್ ಇದೆಯಲ್ಲ, ಸಾಲದಾ?

ಬೇರೆ ಕಂಪ್ಯೂಟರಿನಲ್ಲಿರುವ ಫೋಲ್ಡರ್ ನಿಮ್ಮ ಕಂಪ್ಯೂಟರಿನಲ್ಲೇ ಇರುವ ಹಾಗೆ ತೋರಿಸುವ ವ್ಯವಸ್ಥೆ ಅದು. ಕಾಪಿ ಮಾಡಿಕೊಂಡು ಬರಬೇಕಿಲ್ಲ, ಅಲ್ಲಿರುವ ಫೈಲನ್ನೇ ತೆರೆದು, ತಿದ್ದಿ, ಅಲ್ಲೇ ಉಳಿಸಬಹುದು. ಪೆನ್ ಡ್ರೈವಿನ ತೊಂದರೆ ಏನೆಂದರೆ ಒಂದೇ ಫೈಲಿಗೆ ನಾಲ್ಕು ಪ್ರತಿ ಹುಟ್ಟುತ್ತದೆ. ಆರು ತಿಂಗಳು ಕಳೆದ ಮೇಲೆ ಯಾವುದು ಹೊಸದು, ಯಾವುದು ಹಳೇದು ಅಂತ ಯಾರಿಗೂ ಗೊತ್ತಿರುವುದಿಲ್ಲ.

ಜಾಸ್ತಿ ಓದೋಕೆ ಟೈಮಿಲ್ಲ. ಯಾವುದು ಹಾಕಲಿ, ಅಷ್ಟು ಹೇಳಿ.

ಎಸ್‌ಎಂಬಿ, ಎನ್‌ಎಫ್‌ಎಸ್ ಅಂದರೆ ಫೈಲ್ ಹಂಚಿಕೊಳ್ಳಲು ಕಂಪ್ಯೂಟರ್‌ಗಳು ಮಾತಾಡುವ ಎರಡು ಭಾಷೆಗಳು. ಮನೆಯಲ್ಲಿ ಒಂದೇ ಒಂದು ವಿಂಡೋಸ್, ಮ್ಯಾಕ್ ಅಥವಾ ಐಫೋನ್ ಇದ್ದರೂ ಎಸ್‌ಎಂಬಿ ಹಾಕಿ. ಎಲ್ಲವೂ ಲಿನಕ್ಸ್ ಆಗಿದ್ದರೆ ಎನ್‌ಎಫ್‌ಎಸ್ ಹಾಕಿ. ಹೊರಗೆ ಒಯ್ಯುವ ಲ್ಯಾಪ್‌ಟಾಪಿಗೆ ಇವೆರಡೂ ಬೇಡ, ಪ್ರತಿ ಯಂತ್ರದಲ್ಲೂ ಒಂದು ಪ್ರತಿ ಇಟ್ಟು ಹೊಂದಿಸುವ ಸಿಂಕ್‌ಥಿಂಗ್ ಅನ್ನುವ ಪ್ರೋಗ್ರಾಂ ಹಾಕಿ.

ಕಾರಣ ಸರಳ. ಯಾವುದು ವೇಗ, ಯಾವುದು ಚಂದ ಅಂತ ನೋಡಿ ಆರಿಸಬೇಡಿ. ನಿಮ್ಮ ಮನೆಯಲ್ಲಿ ಯಾವ ಯಂತ್ರಕ್ಕೆ ಕಡಿಮೆ ಭಾಷೆ ಬರುತ್ತದೋ ಅದಕ್ಕೆ ಬರುವ ಭಾಷೆಯನ್ನೇ ಉಳಿದವೂ ಮಾತಾಡಬೇಕು. ಲಿನಕ್ಸ್‌ಗೆ ಎಲ್ಲ ಭಾಷೆಯೂ ಬರುತ್ತದೆ, ವಿಂಡೋಸ್‌ಗೆ ನೆಟ್ಟಗೆ ಬರುವುದು ಎಸ್‌ಎಂಬಿ ಒಂದೇ. ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿ ಎನ್‌ಎಫ್‌ಎಸ್ ಕ್ಲೈಂಟ್ (ಬೇರೆ ಯಂತ್ರದ ಫೋಲ್ಡರ್ ತೆರೆಯುವ ಭಾಗ) ಇದೆ ನಿಜ, ಆದರೆ ಅದು ಮೂರನೇ ಆವೃತ್ತಿಗೇ ನಿಂತಿದೆ. ಮನೆಗೆ ತರುವ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಹೋಮ್ ಆವೃತ್ತಿ, ಅದರಲ್ಲಿ ಆ ಕ್ಲೈಂಟೂ ಇಲ್ಲ.

ಎಸ್‌ಎಂಬಿ, ಸಿಐಎಫ್‌ಎಸ್, ಸಾಂಬಾ ಮೂರೂ ಒಂದೇನಾ?

ಎಸ್‌ಎಂಬಿ ಅನ್ನುವುದು ಭಾಷೆ. 1980ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿತು, ಆಮೇಲೆ ಮೈಕ್ರೋಸಾಫ್ಟ್ ಅದನ್ನು ಬೆಳೆಸಿತು. ಸಿಐಎಫ್‌ಎಸ್ ಅಂದರೆ ಅದರ ಹಳೇ ರೂಪಕ್ಕೆ 1990ರ ದಶಕದಲ್ಲಿ ಇಟ್ಟ ಹೆಸರು. ಈಗ ಯಾರಾದರೂ ಸಿಐಎಫ್‌ಎಸ್ ಅಂದರೆ ಬಹಳ ಸಲ ಎಸ್‌ಎಂಬಿ ಅಂತಲೇ ಅರ್ಥ, ಯಾಕೆಂದರೆ ಲಿನಕ್ಸ್‌ನಲ್ಲಿ ಮೌಂಟ್ ಮಾಡುವಾಗ, ಅಂದರೆ ಬೇರೆ ಯಂತ್ರದ ಫೋಲ್ಡರನ್ನು ನಮ್ಮದಕ್ಕೆ ಜೋಡಿಸುವಾಗ, ಇವತ್ತಿಗೂ ಸಾಮಾನ್ಯವಾಗಿ ಆ ಹೆಸರೇ ಬರೆಯುತ್ತಾರೆ.

ಸಾಂಬಾ ಅನ್ನುವುದು ಆ ಭಾಷೆ ಮಾತಾಡುವ ಸಾಫ್ಟ್‌ವೇರ್. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆಂಡ್ರೂ ಟ್ರಿಡ್ಜೆಲ್ ಅನ್ನುವವರು ತಮ್ಮ ಡಾಸ್ ಕಂಪ್ಯೂಟರಿನಿಂದ ಯುನಿಕ್ಸ್ ಯಂತ್ರದ ಡಿಸ್ಕ್ ನೋಡಬೇಕು ಅಂತ ಬರೆಯಲು ಶುರು ಮಾಡಿದ್ದು. ಮೊದಲ ಪ್ರತಿ ಹೊರಬಂದದ್ದು 1992ರಲ್ಲಿ. ಹೆಸರು ಹುಟ್ಟಿದ ರೀತಿ ನನಗೆ ತುಂಬಾ ಇಷ್ಟ: ಎಸ್, ಎಂ, ಬಿ ಈ ಮೂರು ಅಕ್ಷರ ಅದೇ ಸಾಲಿನಲ್ಲಿ ಬರುವ ಪದಗಳನ್ನು ಯುನಿಕ್ಸ್‌ನ ಪದಪಟ್ಟಿಯಲ್ಲಿ ಹುಡುಕಿದಾಗ ಸಾಂಬಾ ಸಿಕ್ಕಿತು. ಮನೆಯಲ್ಲಿ ಒಂದು ಡಿಸ್ಕ್ ಹಂಚಿಕೊಳ್ಳುವ ಆಸೆಯಿಂದ ನಾವು ಇವತ್ತು ಮಾಡುತ್ತಿರುವುದೂ ಅವರು ಆವತ್ತು ಮಾಡಿದ್ದೇ.

ನಮ್ಮ ಹಳೇ ಟಿವಿಗೆ ಎಸ್‌ಎಂಬಿ 1 ಮಾತ್ರ ಬರುತ್ತದೆ. ಆನ್ ಮಾಡಬಹುದಾ?

ಬೇಡ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ವೈರಸ್ ಜಗತ್ತಿಡೀ ಹರಡಿದ್ದು ಎಸ್‌ಎಂಬಿ 1ರ ಲೋಪದಿಂದ. ಮೈಕ್ರೋಸಾಫ್ಟ್ ಎರಡು ತಿಂಗಳ ಮುಂಚೆ, ಮಾರ್ಚ್‌ನಲ್ಲೇ ಅದಕ್ಕೆ ಪ್ಯಾಚ್ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದೇ ವರ್ಷ ವಿಂಡೋಸ್ 10ರ ಹೊಸ ಆವೃತ್ತಿಯಲ್ಲಿ ಎಸ್‌ಎಂಬಿ 1 ತಾನಾಗಿ ಇರುವುದು ನಿಂತಿತು. 2019ರಲ್ಲಿ ಸಾಂಬಾ 4.11 ಕೂಡ ಅದನ್ನು ಮುಚ್ಚಿತು. ಟಿವಿಗೋಸ್ಕರ ಮನೆಯ ಎಲ್ಲ ಫೋಟೊ ಅಪಾಯಕ್ಕೆ ಒಡ್ಡಬೇಡಿ. ಹಾಡು, ವಿಡಿಯೊ ಟಿವಿಗೆ ಕಳಿಸುವ ಡಿಎಲ್‌ಎನ್‌ಎ ಅಥವಾ ಜೆಲ್ಲಿಫಿನ್ ಬೇರೆಯಾಗಿ ಹಾಕಿ, ಅದು ಓದಲಿಕ್ಕೆ ಮಾತ್ರ, ಬರೆಯೋಕೆ ಆಗುವುದಿಲ್ಲ, ಟಿವಿಗೆ ಅಷ್ಟೇ ಸಾಕು.

ಹಾಗಾದರೆ ಎನ್‌ಎಫ್‌ಎಸ್ ಯಾವಾಗ ಒಳ್ಳೇದು?

ಎರಡೂ ಕಡೆ ಲಿನಕ್ಸ್ ಇದ್ದಾಗ. ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ಇದನ್ನು ತಂದಾಗಲೇ ಯುನಿಕ್ಸ್‌ನಿಂದ ಯುನಿಕ್ಸ್‌ಗೆ ಅಂತಲೇ ಮಾಡಿದ್ದು. ಹಾಗಾಗಿ ಫೈಲಿನ ಒಡೆಯ ಯಾರು, ಯಾರು ಓದಬಹುದು, ಯಾವುದು ಓಡುವ ಪ್ರೋಗ್ರಾಂ, ಯಾವುದು ಲಿಂಕ್ ಅನ್ನುವುದೆಲ್ಲ ಇದ್ದ ಹಾಗೇ ದಾಟುತ್ತದೆ. ಸೆಟ್ ಮಾಡುವುದೂ ಸುಲಭ. ಸರ್ವರ್ ಕಡೆ, ಅಂದರೆ ಫೋಲ್ಡರ್ ಇರುವ ಯಂತ್ರದಲ್ಲಿ, ಒಂದು ಸಾಲು: ಯಾವ ಫೋಲ್ಡರ್, ಯಾವ ವಿಳಾಸದವರಿಗೆ, ಬರೆಯಬಹುದೋ ಇಲ್ಲವೋ. ನಾಲ್ಕನೇ ಆವೃತ್ತಿಯನ್ನೇ ಬಳಸಿ. ಮೂರನೇದಕ್ಕೆ ಹಲವು ಪೋರ್ಟ್ (ನೆಟ್‌ವರ್ಕ್‌ನ ನಂಬರ್ ಹಾಕಿದ ಬಾಗಿಲು) ಬೇಕು, ಫೈರ್‌ವಾಲ್ ಜೊತೆ ಗುದ್ದಾಡಬೇಕು. ನಾಲ್ಕನೇದಕ್ಕೆ 2049 ಒಂದೇ ಪೋರ್ಟ್ ಸಾಕು.

ಒಂದು ಮಾತು ನೆನಪಿರಲಿ. ಮಾಮೂಲಿ ಎನ್‌ಎಫ್‌ಎಸ್ ಪಾಸ್‌ವರ್ಡ್ ಕೇಳುವುದಿಲ್ಲ. "ನಾನು 1000ನೇ ನಂಬರಿನ ಬಳಕೆದಾರ" ಅಂತ ಕ್ಲೈಂಟ್ ಹೇಳಿದರೆ ಸರ್ವರ್ ನಂಬುತ್ತದೆ. ನೆಟ್‌ವರ್ಕ್‌ನಲ್ಲಿ ಹೋಗುವ ಮಾಹಿತಿಯೂ ಗುಟ್ಟಾಗಿ ಹೋಗುವುದಿಲ್ಲ. ನಿಮ್ಮ ಮನೆಯವರು ಮಾತ್ರ ಇರುವ ನೆಟ್‌ವರ್ಕ್ ಆದರೆ ಪರವಾಗಿಲ್ಲ. ಬಾಡಿಗೆಯವರಿಗೂ ಪಕ್ಕದ ಮನೆಯವರಿಗೂ ಅದೇ ವೈಫೈ ಕೊಟ್ಟಿದ್ದರೆ ಬೇಡ, ಎಸ್‌ಎಂಬಿ 3 ಹಾಕಿ, ಅದರಲ್ಲಿ ಪಾಸ್‌ವರ್ಡೂ ಇದೆ, ಬೇಕೆಂದರೆ ಎನ್‌ಕ್ರಿಪ್ಷನ್ನೂ ಇದೆ.

ಎನ್‌ಎಫ್‌ಎಸ್ ಮೌಂಟ್ ಆಯಿತು, ಫೈಲ್ ಕಾಣುತ್ತದೆ, ಬರೆಯೋಕೆ ಬಿಡ್ತಿಲ್ಲ. ಯಾಕೆ?

ಮೇಲೆ ಹೇಳಿದ ನಂಬರೇ ಕಾರಣ. ಎನ್‌ಎಫ್‌ಎಸ್‌ಗೆ ನಿಮ್ಮ ಹೆಸರಿಗಿಂತ ನಂಬರ್ ಮುಖ್ಯ. ಲಿನಕ್ಸ್ ಹಾಕುವಾಗ ಮೊದಲು ಸೇರಿಸಿದ ಬಳಕೆದಾರನಿಗೆ ಸಾಮಾನ್ಯವಾಗಿ 1000 ಸಿಗುತ್ತದೆ, ಎರಡನೆಯವರಿಗೆ 1001. ಒಂದು ಯಂತ್ರದಲ್ಲಿ ಅಕ್ಕನನ್ನು ಮೊದಲು ಸೇರಿಸಿ, ಇನ್ನೊಂದರಲ್ಲಿ ನಿಮ್ಮನ್ನು ಮೊದಲು ಸೇರಿಸಿದರೆ ಅಕ್ಕನ ಫೈಲ್ ನಿಮ್ಮದಾಗಿ, ನಿಮ್ಮದು ಅಕ್ಕನದಾಗಿ ಕಾಣುತ್ತದೆ. ಎಲ್ಲ ಯಂತ್ರದಲ್ಲೂ ಒಬ್ಬರಿಗೆ ಒಂದೇ ನಂಬರ್ ಬರುವ ಹಾಗೆ ಮೊದಲೇ ಮಾಡಿಕೊಳ್ಳಿ. ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಬರೆಯಲು ಹೋದರೂ ತಡೆಯುತ್ತದೆ, ಅದು ಬೇಕಂತಲೇ ಇಟ್ಟ ಕಾವಲು, ತೆಗೆಯಬೇಡಿ.

ಫೈಲ್ ಹೆಸರು ಕನ್ನಡದಲ್ಲಿ ಇಡಬಹುದಾ?

ಇಡಿ, ಖಂಡಿತ ಇಡಿ. ನಮ್ಮ ಮನೆಯಲ್ಲಿ ಎಲ್ಲ ಫೋಲ್ಡರ್ ಹೆಸರೂ ಕನ್ನಡದಲ್ಲೇ ಇದೆ. ಇಂಗ್ಲಿಷ್‌ನಲ್ಲಿ ಇಟ್ಟಾಗ ಅಮ್ಮ ಹುಡುಕುತ್ತಲೇ ಇರಲಿಲ್ಲ, ಕನ್ನಡದಲ್ಲಿ ಇಟ್ಟ ಮೇಲೆ ಅವರೇ ತೆರೆದು ನೋಡುತ್ತಾರೆ. ಆದರೆ ಮೂರು ವಿಷಯ ಗೊತ್ತಿರಬೇಕು, ಇವನ್ನು ಬೇರೆ ಎಲ್ಲೂ ಯಾರೂ ನನಗೆ ಹೇಳಿರಲಿಲ್ಲ.

ಮೊದಲನೇದು ಉದ್ದ. ಲಿನಕ್ಸ್‌ನ ಇಎಕ್ಸ್‌ಟಿ4 ಡಿಸ್ಕಿನಲ್ಲಿ ಒಂದು ಹೆಸರು 255 ಬೈಟ್ ದಾಟುವಂತಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ಅಂದರೆ ನಮಗೆ ಸಿಗುವುದು 85 ಚಿಹ್ನೆ. ಚಿಹ್ನೆ ಅಂದೆ, ಅಕ್ಷರ ಅನ್ನಲಿಲ್ಲ, ಗಮನಿಸಿ. "ಸ್ತ್ರೀ" ಅನ್ನುವುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಅದು ಸ, ಅರ್ಧಾಕ್ಷರದ ಚಿಹ್ನೆ, ತ, ಮತ್ತೆ ಅರ್ಧಾಕ್ಷರದ ಚಿಹ್ನೆ, ರ, ದೀರ್ಘ ಗುಡಿಸು, ಹೀಗೆ ಆರು ಚಿಹ್ನೆ, 18 ಬೈಟ್. ವಿಂಡೋಸ್ ಲೆಕ್ಕ ಬೇರೆ, ಅಲ್ಲಿ ಕನ್ನಡದ 255 ಚಿಹ್ನೆ ಹಿಡಿಯುತ್ತದೆ. ಹಾಗಾಗಿ ಅಪ್ಪನ ಡೆಸ್ಕ್‌ಟಾಪಿನಲ್ಲಿ ಚೆನ್ನಾಗಿಯೇ ಇದ್ದ "ಶ್ರೀ ಸತ್ಯನಾರಾಯಣ ಪೂಜೆ, ದೊಡ್ಡಪ್ಪನ ಮನೆ..." ಅಂತ ಶುರುವಾಗುವ ಉದ್ದ ಹೆಸರಿನ ಫೋಲ್ಡರ್ ಸರ್ವರಿಗೆ ಕಾಪಿ ಮಾಡುವಾಗ ಹೆಸರು ಉದ್ದವಾಯಿತು ಅಂತ ನಿಂತುಬಿಡುತ್ತದೆ. ಹೆಸರು ಚಿಕ್ಕದಿರಲಿ, ವಿವರ ಬೇಕಿದ್ದರೆ ಒಳಗೊಂದು ಟೆಕ್ಸ್ಟ್ ಫೈಲ್ ಇಡಿ.

ಎರಡನೇದು ನನ್ನನ್ನು ಒಂದು ಭಾನುವಾರ ಪೂರ್ತಿ ಕೂರಿಸಿತು. ಅಜ್ಜಿ ಹೇಳಿದ ಹಾಡುಗಳನ್ನು ಅಕ್ಕ ತನ್ನ ಹಳೇ ಮ್ಯಾಕ್‌ನಲ್ಲಿ ಇಟ್ಟಿದ್ದಳು. ಅವನ್ನು ಎನ್‌ಎಫ್‌ಎಸ್ ಮೂಲಕ ಸರ್ವರಿಗೆ ಹಾಕಿದೆವು. "ಕೋಲಾಟ" ಅಂತ ಟೈಪ್ ಮಾಡಿ ಹುಡುಕಿದರೆ ಸಿಗಲಿಲ್ಲ. ಫೋಲ್ಡರ್ ತೆರೆದರೆ ಕಣ್ಣೆದುರೇ ಇದೆ! ನಾನೇ ಹೊಸದಾಗಿ "ಕೋಲಾಟ" ಅಂತ ಒಂದು ಫೋಲ್ಡರ್ ಮಾಡಿದೆ, ಅದೂ ಆಯಿತು. ಒಂದೇ ಜಾಗದಲ್ಲಿ ಎರಡು "ಕೋಲಾಟ", ನೋಡೋಕೆ ಒಂದಿಷ್ಟೂ ವ್ಯತ್ಯಾಸ ಇಲ್ಲ.

ಕಾರಣ ಹೀಗಿದೆ. "ಕೋ" ಬರೆಯುವ ಓತ್ವದ ಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಇಡಬಹುದು, ಮೂರು ತುಂಡು ಮಾಡಿ ಎತ್ವ, ಊತ್ವ, ದೀರ್ಘ ಅಂತಲೂ ಇಡಬಹುದು. ಹಳೇ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರನ್ನು ತುಂಡು ಮಾಡಿಯೇ ಬರೆದಿಡುತ್ತದೆ. ನಾವು ಲಿನಕ್ಸ್, ವಿಂಡೋಸ್‌ನಲ್ಲಿ ಟೈಪ್ ಮಾಡಿದ್ದು ಸಾಮಾನ್ಯವಾಗಿ ಇಡಿಯಾಗಿ ಬರುತ್ತದೆ. ಲಿನಕ್ಸ್ ಡಿಸ್ಕ್ ಬೈಟ್‌ಗೆ ಬೈಟ್ ಹೋಲಿಸುವುದರಿಂದ ಇವೆರಡೂ ಬೇರೆ ಬೇರೆ ಹೆಸರು. ಕೀ, ಕೇ, ಕೈ, ಕೊ, ಕೋ ಈ ಐದರಲ್ಲೂ ಇದೇ ಕಥೆ. ಅಂದರೆ ಕನ್ನಡದ ಎಷ್ಟು ಹೆಸರು ಸಿಕ್ಕಿಬೀಳುತ್ತದೆ ನೋಡಿ. ಇಂಗ್ಲಿಷ್‌ನಲ್ಲೇ ಹೆಸರಿಡುವವರಿಗೆ ಈ ತೊಂದರೆ ಗೊತ್ತಾಗುವುದೇ ಇಲ್ಲ.

ಪರಿಹಾರ ಇದೆ. ಮ್ಯಾಕ್‌ನಲ್ಲಿ ಎನ್‌ಎಫ್‌ಎಸ್ ಮೌಂಟ್ ಮಾಡುವಾಗ ಎನ್‌ಎಫ್‌ಸಿ ಅನ್ನುವ ಆಯ್ಕೆ ಕೊಟ್ಟರೆ ಹೆಸರುಗಳು ಇಡಿಯಾಗಿ ಸರ್ವರಿಗೆ ಹೋಗುತ್ತವೆ. ಆಗಲೇ ಹೋಗಿ ಕೂತಿರುವ ಹೆಸರುಗಳನ್ನು ಲಿನಕ್ಸ್‌ನ ಕಾನ್ವ್‌ಎಂವಿ ಅನ್ನುವ ಪುಟ್ಟ ಪ್ರೋಗ್ರಾಂ ಒಂದೇ ಸಲ ಸರಿ ಮಾಡುತ್ತದೆ. ಮೊದಲು ಏನೇನು ಬದಲಾಗುತ್ತದೆ ಅಂತ ಪಟ್ಟಿ ಮಾತ್ರ ತೋರಿಸುತ್ತದೆ, ನೋಡಿಕೊಂಡು ಆಮೇಲೆ ಒಪ್ಪಿಗೆ ಕೊಡಿ.

ಮೂರನೇದು ವಿಂಡೋಸ್ ಒಪ್ಪದ ಚಿಹ್ನೆಗಳು. ಲಿನಕ್ಸ್‌ನಲ್ಲಿ "ಮದುವೆ: ಮೊದಲ ದಿನ" ಅಂತ ಕೋಲನ್ ಹಾಕಿ ಹೆಸರಿಟ್ಟರೆ ವಿಂಡೋಸ್‌ನಲ್ಲಿ ಅದು ಅರ್ಥವಿಲ್ಲದ ಪುಟ್ಟ ಹೆಸರಾಗಿ ಕಾಣುತ್ತದೆ, ಸಾಂಬಾ ಅದನ್ನು ಹಾಗೆ ಬದಲಿಸಿ ತೋರಿಸುತ್ತದೆ. ಪ್ರಶ್ನಾರ್ಥಕ ಚಿಹ್ನೆ, ಡಬಲ್ ಕೋಟ್, ನಕ್ಷತ್ರ ಚಿಹ್ನೆಗಳೂ ಬೇಡ.

ವಿಂಡೋಸ್ ಪಾಸ್‌ವರ್ಡ್ ಕೇಳುತ್ತದೆ. ಸರಿಯಾಗಿಯೇ ಹಾಕುತ್ತಿದ್ದೇನೆ, ತಪ್ಪು ಅನ್ನುತ್ತಿದೆ.

ನನಗೆ ಬರುವ ಫೋನ್‌ಗಳಲ್ಲಿ ಅರ್ಧ ಇದೇ. ಫೋಲ್ಡರ್ ಇರುವುದು ವಿಂಡೋಸ್ ಕಂಪ್ಯೂಟರಿನಲ್ಲಾ, ಲಿನಕ್ಸ್‌ನಲ್ಲಾ ಮೊದಲು ನೋಡಿ.

ವಿಂಡೋಸ್‌ನಲ್ಲಿದ್ದರೆ, ಆ ಕಂಪ್ಯೂಟರ್ ತೆರೆಯುವಾಗ ದಿನಾ ಹಾಕುವ ನಾಲ್ಕಂಕಿಯ ಪಿನ್ ಇಲ್ಲಿ ನಡೆಯುವುದಿಲ್ಲ. ಪಿನ್ ಆ ಯಂತ್ರದ ಮುಂದೆ ಕೂತವರಿಗೆ ಮಾತ್ರ. ನೆಟ್‌ವರ್ಕ್ ಮೂಲಕ ಬಂದವರು ಅಕೌಂಟಿನ ನಿಜವಾದ ಪಾಸ್‌ವರ್ಡ್ ಕೊಡಬೇಕು, ಮೈಕ್ರೋಸಾಫ್ಟ್ ಅಕೌಂಟ್ ಆದರೆ ಇಮೇಲ್ ಮತ್ತು ಅದರ ಪಾಸ್‌ವರ್ಡ್. ಎಷ್ಟೋ ಜನ ಅದನ್ನು ಮರೆತೇ ಬಿಟ್ಟಿರುತ್ತಾರೆ. ಸುಲಭ ದಾರಿ ಅಂದರೆ "ಮನೆ" ಅನ್ನುವ ಹಾಗೆ ಹಂಚಿಕೆಗೆ ಅಂತಲೇ ಒಂದು ಲೋಕಲ್ ಅಕೌಂಟ್ ಮಾಡಿ, ಅದಕ್ಕೊಂದು ಪಾಸ್‌ವರ್ಡ್ ಇಟ್ಟು, ಅದನ್ನೇ ಎಲ್ಲ ಕಡೆ ಕೊಡುವುದು. ಅಕೌಂಟ್ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಲಿ, ಟೈಪ್ ಮಾಡೋಕೆ ಎಲ್ಲ ಯಂತ್ರದಲ್ಲೂ ಕನ್ನಡ ಕೀಬೋರ್ಡ್ ಇರುವುದಿಲ್ಲ.

ಲಿನಕ್ಸ್‌ನಲ್ಲಿದ್ದರೆ, ಸಾಂಬಾ ತನ್ನದೇ ಪಾಸ್‌ವರ್ಡ್ ಪುಸ್ತಕ ಇಟ್ಟುಕೊಳ್ಳುತ್ತದೆ. ಲಿನಕ್ಸ್‌ಗೆ ಲಾಗಿನ್ ಆಗುವ ಪಾಸ್‌ವರ್ಡ್ ಅದಕ್ಕೆ ಗೊತ್ತಿಲ್ಲ. ಸಾಂಬಾದ ಪಾಸ್‌ವರ್ಡ್ ಕಮಾಂಡ್ ಓಡಿಸಿ ಪ್ರತಿ ಬಳಕೆದಾರನನ್ನೂ ಅದರಲ್ಲಿ ಸೇರಿಸಬೇಕು.

ಪಾಸ್‌ವರ್ಡೇ ಬೇಡ, ಗೆಸ್ಟ್ ಆಗಿ ಬಿಟ್ಟುಬಿಡೋಣ ಅಂದುಕೊಂಡರೆ ಅದೂ ಈಗ ಕಷ್ಟ. ವಿಂಡೋಸ್ 11 ಪ್ರೊದ 24ಎಚ್2 ಆವೃತ್ತಿಯಿಂದ ಪಾಸ್‌ವರ್ಡ್ ಇಲ್ಲದ ಶೇರ್ (ಹಂಚಿದ ಫೋಲ್ಡರ್) ತಾನಾಗಿ ತೆರೆಯುವುದಿಲ್ಲ. ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ.

ನೆಟ್‌ವರ್ಕ್ ಐಕಾನ್ ಒತ್ತಿದರೆ ಸರ್ವರ್ ಕಾಣುವುದೇ ಇಲ್ಲ.

ಕಾಣದಿದ್ದರೂ ಇರುತ್ತದೆ. ಮೇಲಿನ ವಿಳಾಸದ ಪಟ್ಟಿಯಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಸರ್ವರಿನ ಐಪಿ ವಿಳಾಸ ಬರೆಯಿರಿ, \\192.168.1.10 ಅನ್ನುವ ಹಾಗೆ. ತೆರೆದುಕೊಂಡರೆ ಅದನ್ನು ಒಂದು ಡ್ರೈವ್ ಅಕ್ಷರಕ್ಕೆ ಕಟ್ಟಿಬಿಡಿ, ಆಮೇಲೆ ಹುಡುಕುವ ಕೆಲಸವೇ ಇಲ್ಲ. ನೆಟ್‌ವರ್ಕ್ ಐಕಾನ್ ಒತ್ತಿದರೆ ಎಲ್ಲ ಯಂತ್ರ ತೋರಿಸುತ್ತಿದ್ದ ಹಳೇ ಕಾಲದ ಪಟ್ಟಿ ಎಸ್‌ಎಂಬಿ 1 ಜೊತೆಗೆ ಹೋಯಿತು. ಲಿನಕ್ಸ್ ಸರ್ವರ್ ಅಲ್ಲಿ ಕಾಣಲೇಬೇಕು ಅಂದರೆ ಡಬ್ಲ್ಯುಎಸ್‌ಡಿಡಿ ಅನ್ನುವ ಸಣ್ಣ ಪ್ರೋಗ್ರಾಂ ಹಾಕಬೇಕು. ಫೋಲ್ಡರ್ ಇರುವುದು ವಿಂಡೋಸ್‌ನಲ್ಲಾದರೆ, ಅಲ್ಲಿ ಮನೆಯ ವೈಫೈಯನ್ನು ಪಬ್ಲಿಕ್ ಅಂತ ಇಟ್ಟಿದ್ದೀರಾ ನೋಡಿ, ಪ್ರೈವೇಟ್ ಮಾಡಿ.

ತುಂಬಾ ನಿಧಾನ. ಎನ್‌ಎಫ್‌ಎಸ್ ಹಾಕಿದರೆ ವೇಗ ಆಗುತ್ತದಾ?

ಬಹುಶಃ ಇಲ್ಲ. ಫೈಲ್‌ಸಿಸ್ಟಂ ಬದಲಿಸುವ ಮುಂಚೆ ಕೇಬಲ್ ನೋಡಿ. ಕಡಿಮೆ ಬೆಲೆಯ ರೂಟರ್‌ಗಳಲ್ಲಿ ಎಷ್ಟೋ ಸಲ ಕೇಬಲ್ ಚುಚ್ಚುವ ಪೋರ್ಟ್ 100 ಮೆಗಾಬಿಟ್‌ನದು. ಅದರಲ್ಲಿ ಸೆಕೆಂಡಿಗೆ 11 ಮೆಗಾಬೈಟ್ ಆಸುಪಾಸು ಸಿಕ್ಕರೆ ಅದೇ ಅದರ ಮಿತಿ. ಗಿಗಾಬಿಟ್ ಆದರೆ 110ರ ಹತ್ತಿರ ಬರುತ್ತದೆ. 60 ಜಿಬಿಯ ಮದುವೆ ವಿಡಿಯೊ ಮೊದಲನೆಯದರಲ್ಲಿ ಒಂದೂವರೆ ಗಂಟೆ, ಎರಡನೆಯದರಲ್ಲಿ ಸುಮಾರು ಒಂಬತ್ತು ನಿಮಿಷ. ಎಸ್‌ಎಂಬಿ ಇರಲಿ ಎನ್‌ಎಫ್‌ಎಸ್ ಇರಲಿ, ಎರಡೂ ಗಿಗಾಬಿಟ್ ಕೇಬಲ್ ತುಂಬಿಸುವಷ್ಟು ವೇಗವಾಗಿವೆ.

ನಮ್ಮ ಮಹಡಿ ಕೋಣೆಯಲ್ಲಿ ಎಲ್ಲವೂ ಗಿಗಾಬಿಟ್ ಇದ್ದರೂ 11ರ ಮೇಲೆ ಹೋಗುತ್ತಲೇ ಇರಲಿಲ್ಲ. ಸೆಟ್ಟಿಂಗ್ ಎಲ್ಲ ತಿರುವಿ ಹಾಕಿದೆ. ಕೊನೆಗೆ ಗೋಡೆಯ ಬಳಿ ಕೂತು ಕೇಬಲ್ ತುದಿಯ ಪಾರದರ್ಶಕ ಪ್ಲಗ್ಗನ್ನು ಟಾರ್ಚ್ ಹಿಡಿದು ನೋಡಿದೆ. ಎಂಟು ತಂತಿಯಲ್ಲಿ ಏಳು ಮಾತ್ರ ತುದಿ ಮುಟ್ಟಿವೆ, ಕಂದು ಬಣ್ಣದ್ದು ಒಂದು ಕೂದಲೆಳೆಯಷ್ಟು ಹಿಂದೆ ನಿಂತಿದೆ. 100 ಮೆಗಾಬಿಟ್‌ಗೆ ನಾಲ್ಕು ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಹಾಗಾಗಿ ಎರಡೂ ಕಡೆಯ ಯಂತ್ರಗಳು ಸುಮ್ನೆ ಕೆಳಗಿನ ವೇಗಕ್ಕೆ ಇಳಿದುಬಿಟ್ಟಿದ್ದವು. ತುದಿ ಕತ್ತರಿಸಿ ಹೊಸ ಪ್ಲಗ್ ಹಾಕಿದ ಕೂಡಲೇ ಹತ್ತು ಪಟ್ಟು ವೇಗ ಬಂತು.

ಸಾವಿರಾರು ಸಣ್ಣ ಫೈಲ್ ಆದರೆ ಯಾವ ಕೇಬಲ್‌ನಲ್ಲೂ ನಿಧಾನವೇ, ಪ್ರತಿ ಫೈಲಿಗೂ ತೆರೆ, ಬರೆ, ಮುಚ್ಚು ಅಂತ ಹೋಗಿಬಂದು ಮಾತಾಡಬೇಕಲ್ಲ. ಮತ್ತೆ ಒಂದು ಮನವಿ: ಎಲ್ಲೋ ಸಿಕ್ಕಿದ ಸಾಕೆಟ್ ಆಯ್ಕೆಯ ಸಾಲುಗಳನ್ನು ಸಾಂಬಾದ ಕಾನ್ಫಿಗ್‌ಗೆ ಅಂಟಿಸಬೇಡಿ. ಅವು ಬಹಳ ಹಳೇ ಲಿನಕ್ಸ್‌ಗೆ ಬರೆದದ್ದು, ಈಗ ಹಾಕಿದರೆ ವೇಗ ಕಡಿಮೆಯಾಗುವ ಸಾಧ್ಯತೆಯೇ ಜಾಸ್ತಿ.

ಕರೆಂಟು ಹೋದರೆ ಏನಾಗುತ್ತದೆ?

ಎರಡು ಬೇರೆ ತೊಂದರೆ ಇದೆ.

ಸರ್ವರ್ ಆರಿಹೋದರೆ ಎನ್‌ಎಫ್‌ಎಸ್ ಕ್ಲೈಂಟ್ ಕಾಯುತ್ತಾ ಕೂರುತ್ತದೆ. ಫೈಲ್ ಮ್ಯಾನೇಜರ್ ಅಲ್ಲಾಡುವುದಿಲ್ಲ, ಮುಚ್ಚಲೂ ಬಿಡುವುದಿಲ್ಲ. ಇದು ದೋಷ ಅಂತ ತುಂಬಾ ಜನ ಬೈಯುತ್ತಾರೆ, ಆದರೆ ಅದು ನಿಮ್ಮ ಫೈಲ್ ಅರ್ಧ ಬರೆದು ಕೆಡದಿರಲಿ ಅಂತ ಕಾಯುತ್ತಿರುತ್ತದೆ, ಸರ್ವರ್ ಬಂದ ಕೂಡಲೇ ನಿಂತಲ್ಲಿಂದ ಮುಂದುವರಿಯುತ್ತದೆ. ಸಾಫ್ಟ್ ಅನ್ನುವ ಆಯ್ಕೆ ಹಾಕಿದರೆ ಕಾಯುವುದು ತಪ್ಪುತ್ತದೆ, ಬರೆಯುವ ಫೈಲ್ ಹಾಳಾಗುವ ಅಪಾಯ ಬರುತ್ತದೆ. ನಾನು ಹಾಕುವುದಿಲ್ಲ. ಬದಲಿಗೆ ಆಟೊಮೌಂಟ್ ಮಾಡಿ, ಫೋಲ್ಡರ್ ತೆರೆದಾಗ ಮಾತ್ರ ಮೌಂಟ್ ಆಗಿ ಬಳಸದಿದ್ದಾಗ ತಾನೇ ಕಳಚಿಕೊಳ್ಳುತ್ತದೆ. ನೋಫೇಲ್ ಆಯ್ಕೆಯನ್ನೂ ಸೇರಿಸಿ, ಇಲ್ಲದಿದ್ದರೆ ಸರ್ವರ್ ಇಲ್ಲದ ದಿನ ನಿಮ್ಮ ಕಂಪ್ಯೂಟರ್ ಬೂಟ್ ಆಗಲೂ ಒದ್ದಾಡುತ್ತದೆ.

ಇನ್ನೊಂದು ತೊಂದರೆ ಸರ್ವರ್ ಡಿಸ್ಕಿನದು. ಎನ್‌ಎಫ್‌ಎಸ್ ಸರ್ವರಿನಲ್ಲಿ ಎಸಿಂಕ್ ಅನ್ನುವ ಆಯ್ಕೆ ವೇಗ ಕೊಡುತ್ತದೆ, ಡಿಸ್ಕಿಗೆ ಬರೆಯುವ ಮುಂಚೆಯೇ ಬರೆದಾಯಿತು ಅಂತ ಹೇಳಿಬಿಡುತ್ತದೆ. ಆ ಹೊತ್ತಲ್ಲಿ ಕರೆಂಟು ಹೋದರೆ ಹೋಯಿತು. ಮಳೆಗಾಲದಲ್ಲಿ ಮಲೆನಾಡಿನ ಕಡೆ ದಿನಕ್ಕೆ ಹತ್ತು ಸಲ ಕರೆಂಟು ಹೋಗಿ ಬರುವ ಮನೆಗಳಿಗೆ ಇದು ಬೇಡವೇ ಬೇಡ. ಹಳೇ ಲ್ಯಾಪ್‌ಟಾಪನ್ನೇ ಸರ್ವರ್ ಮಾಡಿ ಅಂತ ನಾನು ಹೇಳುವುದು ಇದಕ್ಕೇ, ಅದಕ್ಕೆ ಬ್ಯಾಟರಿ ಇದೆ, ಅದೇ ಯುಪಿಎಸ್. ಬ್ಯಾಟರಿ ಉಬ್ಬಿದೆಯಾ ಅಂತ ಆಗಾಗ ನೋಡಿ, ಉಬ್ಬಿದ್ದರೆ ಆ ದಿನವೇ ತೆಗೆಸಿ.

ಲ್ಯಾಪ್‌ಟಾಪ್ ಬೇಡ, ರಾಸ್ಪ್‌ಬೆರಿ ಪೈ ನಡೆಯುತ್ತದಾ?

ಅಂಗೈಯಗಲದ ಈ ಕಂಪ್ಯೂಟರಿನಲ್ಲಿ 2019ರಲ್ಲಿ ಬಂದ ನಾಲ್ಕನೇ ಪೈ ಅಥವಾ ಅದಕ್ಕಿಂತ ಹೊಸದು ನಡೆಯುತ್ತದೆ, ಪೂರ್ತಿ ಗಿಗಾಬಿಟ್ ಮತ್ತು ಯುಎಸ್‌ಬಿ 3 ಇದೆ. ಮೂರನೇದು ಹಾಡು ಕೇಳೋಕೆ ಸಾಕು, ದೊಡ್ಡ ಫೈಲಿಗೆ ನಿಧಾನ. ದೊಡ್ಡ ಹಾರ್ಡ್ ಡಿಸ್ಕಿಗೆ ಬೇರೆಯದೇ ಪವರ್ ಕೊಡಿ. ಡಿಸ್ಕನ್ನು ಇಎಕ್ಸ್‌ಟಿ4 ಮಾಡಿ. ಕ್ಲೈಂಟ್ ವಿಂಡೋಸ್ ಆದರೂ ಪರವಾಗಿಲ್ಲ, ಅದು ಮಾತಾಡುವುದು ಸಾಂಬಾ ಜೊತೆ, ಡಿಸ್ಕ್ ಯಾವ ತರಹ ಅಂತ ಅದಕ್ಕೆ ಗೊತ್ತಾಗುವುದೂ ಇಲ್ಲ. ಎಫ್‌ಎಟಿ32 ಬೇಡ, 4 ಜಿಬಿ ಮೀರಿದ ಫೈಲ್ ಹಿಡಿಯುವುದಿಲ್ಲ.

ಮ್ಯಾಕ್ ಇದ್ದರೆ ಎಎಫ್‌ಪಿ ಬೇಕಲ್ಲವಾ?

ಬೇಡ. ಎಎಫ್‌ಪಿ ಅನ್ನುವುದು ಆಪಲ್‌ನ ಹಳೇ ಭಾಷೆ, ಆಪಲ್ ಕಂಪನಿಯೇ 2013ರಿಂದ ಎಸ್‌ಎಂಬಿ ಕಡೆ ತಿರುಗಿತು. 2020ರಲ್ಲಿ ಮ್ಯಾಕ್‌ನ ಬಿಗ್ ಸರ್ ಆವೃತ್ತಿ ಬಂದ ಮೇಲೆ ಮ್ಯಾಕ್‌ನಿಂದ ಎಎಫ್‌ಪಿಯಲ್ಲಿ ಫೈಲ್ ಹಂಚಲು ಆಗುವುದೇ ಇಲ್ಲ. ಸಾಂಬಾದಲ್ಲಿ ಫ್ರೂಟ್ ಅನ್ನುವ ಮಾಡ್ಯೂಲ್ ಆನ್ ಮಾಡಿ, ಟೈಮ್ ಮಷೀನ್ ಬ್ಯಾಕಪ್ ಕೂಡ ಅದರ ಮೂಲಕ ಆಗುತ್ತದೆ.

ಮೊಬೈಲಿನಿಂದ?

ಐಫೋನ್‌ನ ಫೈಲ್ಸ್ ಆ್ಯಪ್‌ಗೆ 2019ರಿಂದ ಎಸ್‌ಎಂಬಿ ಬರುತ್ತದೆ. ಆಂಡ್ರಾಯ್ಡ್‌ನಲ್ಲಿ ವಿಎಲ್‌ಸಿ ಹಾಕಿಕೊಂಡರೆ ಹಾಡು, ವಿಡಿಯೊ ನೇರ ನೋಡಬಹುದು.

ಎಸ್‌ಎಸ್‌ಎಚ್‌ಎಫ್‌ಎಸ್, ವೆಬ್‌ಡ್ಯಾವ್, ಗ್ಲಸ್ಟರ್ ಅಂತೆಲ್ಲ ಕೇಳಿದ್ದೇನೆ.

ಎಸ್‌ಎಸ್‌ಎಚ್‌ಎಫ್‌ಎಸ್ ಒಳ್ಳೆಯದು, ಸರ್ವರಿನಲ್ಲಿ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ವ್ಯವಸ್ಥೆ) ಇದ್ದರೆ ಬೇರೆ ಏನೂ ಸೆಟ್ ಮಾಡಬೇಕಿಲ್ಲ, ಎಲ್ಲವೂ ಎನ್‌ಕ್ರಿಪ್ಟ್ ಆಗಿ ಹೋಗುತ್ತದೆ. ಒಂದೆರಡು ಫೈಲ್ ತೆಗೆದುಕೊಳ್ಳೋಕೆ ನಾನೂ ಬಳಸುತ್ತೇನೆ, ದಿನವಿಡೀ ಕೆಲಸಕ್ಕೆ ನಿಧಾನ. ವೆಬ್ ಮೂಲಕ ಫೈಲ್ ಹಂಚುವ ವೆಬ್‌ಡ್ಯಾವ್ ವಿಂಡೋಸ್‌ನಲ್ಲಿ ಮೂಲ ಸೆಟ್ಟಿಂಗ್ ಬದಲಿಸದಿದ್ದರೆ ಸುಮಾರು 50 ಎಂಬಿ ಮೀರಿದ ಫೈಲ್ ಇಳಿಸಿಕೊಳ್ಳುವುದಿಲ್ಲ.

ಗ್ಲಸ್ಟರ್ ಬಗ್ಗೆ ನನಗೆ ಅಭಿಮಾನ ಇದೆ, ಅದರ ಕೆಲಸ ಬಹಳಷ್ಟು ನಡೆದದ್ದು ಬೆಂಗಳೂರಿನಲ್ಲಿ. 2011ರಲ್ಲಿ ರೆಡ್ ಹ್ಯಾಟ್ ಅದನ್ನು ಕೊಂಡುಕೊಂಡಿತು. ಆದರೆ ಅದೂ, ಸೆಫ್ ಕೂಡ, ಹತ್ತಾರು ಸರ್ವರಿನ ಡಿಸ್ಕ್ ಸೇರಿಸಿ ಒಂದು ಮಾಡುವುದಕ್ಕೆ ಹುಟ್ಟಿದ್ದು. ಮನೆಯ ಒಂದು ಡಿಸ್ಕಿಗೆ ಅವು ಬೇಕಿಲ್ಲ.

ಸಿಂಕ್‌ಥಿಂಗ್ ಫೈಲ್‌ಸಿಸ್ಟಂ ಅಲ್ಲ. ಪ್ರತಿ ಯಂತ್ರದಲ್ಲೂ ಪೂರ್ತಿ ಪ್ರತಿ ಇಟ್ಟು, ಒಂದರಲ್ಲಿ ಬದಲಾದದ್ದನ್ನು ಉಳಿದವಕ್ಕೆ ತಲುಪಿಸುತ್ತದೆ. ಬಸ್ಸಿನಲ್ಲಿ ಕೂತು ತಿದ್ದಿದ ಫೈಲ್ ಮನೆಗೆ ಬಂದಾಗ ತಾನೇ ಹೊಂದಿಕೊಳ್ಳುತ್ತದೆ. ಒಂದೇ ಫೈಲನ್ನು ಇಬ್ಬರು ಒಟ್ಟಿಗೆ ತಿದ್ದಿದರೆ ಮಾತ್ರ ಎರಡು ಪ್ರತಿ ಆಗುತ್ತದೆ, ನೀವೇ ಕೂತು ಸೇರಿಸಬೇಕು.

ಅಂಗಡಿಯ ಲೆಕ್ಕದ ಫೈಲ್ ಇದರಲ್ಲಿಟ್ಟು ಇಬ್ಬರು ಒಟ್ಟಿಗೆ ಬಳಸಬಹುದಾ?

ಆ ಸಾಫ್ಟ್‌ವೇರ್ ಮಾಡಿದವರು ಹಂಚಿದ ಫೋಲ್ಡರಿನಲ್ಲಿ ಹಲವರು ಬಳಸಬಹುದು ಅಂತ ಹೇಳಿದ್ದರೆ ಮಾತ್ರ. ಡೇಟಾಬೇಸ್ ಫೈಲಿಗೆ ಬೀಗ ಹಾಕುವ ಕೆಲಸ ನೆಟ್‌ವರ್ಕ್ ಮೇಲೆ ಸದಾ ನೆಚ್ಚುವಂತಿರುವುದಿಲ್ಲ. ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್ ಮಾಡಿದವರೇ ನೆಟ್‌ವರ್ಕ್ ಫೈಲ್‌ಸಿಸ್ಟಂ ಮೇಲೆ ಇಡುವ ಬಗ್ಗೆ ಎಚ್ಚರಿಸುತ್ತಾರೆ.

ಶೇರ್‌ನಲ್ಲಿ ಡಿಲೀಟ್ ಆದದ್ದು ರೀಸೈಕಲ್ ಬಿನ್‌ನಲ್ಲಿ ಸಿಗುತ್ತದಾ?

ಸಿಗುವುದಿಲ್ಲ. ಇದನ್ನು ದಯವಿಟ್ಟು ಮನೆಯವರಿಗೆಲ್ಲ ಹೇಳಿಬಿಡಿ. ಅಕ್ಕನ ಮಗ ಆಟ ಹಾಕೋಕೆ ಜಾಗ ಬೇಕು ಅಂತ ನಮ್ಮ ಮನೆಯ ಗೃಹಪ್ರವೇಶದ ಫೋಲ್ಡರ್ ಅಳಿಸಿದ. ಏಳು ವರ್ಷದ ಹುಡುಗ, ಬಿನ್‌ನಲ್ಲಿ ಇರುತ್ತೆ ಮಾಮ ಅಂದ. ಇರಲಿಲ್ಲ. ಹಿಂದಿನ ವಾರ ಬೇರೆ ಡಿಸ್ಕಿಗೆ ಹಾಕಿಟ್ಟಿದ್ದ ಪ್ರತಿ ಇದ್ದದ್ದಕ್ಕೆ ಫೋಟೊ ಉಳಿದವು, ಆಮೇಲೆ ಸೇರಿಸಿದ ಅಜ್ಜಿಯ ಎರಡು ವಿಡಿಯೊ ಹೋದವು.

ಆವತ್ತೇ ಸಾಂಬಾದ ರೀಸೈಕಲ್ ಮಾಡ್ಯೂಲ್ ಆನ್ ಮಾಡಿದೆ. ಈಗ ಅಳಿಸಿದ್ದು ಸರ್ವರಿನಲ್ಲೇ ಒಂದು ಬೇರೆ ಫೋಲ್ಡರಿಗೆ ಹೋಗುತ್ತದೆ. ಹಳೇ ಫೋಟೊಗಳ ಫೋಲ್ಡರನ್ನು ಎಲ್ಲರಿಗೂ ಓದಲು ಮಾತ್ರ ಬಿಟ್ಟಿದ್ದೇನೆ. ವಾರಕ್ಕೊಮ್ಮೆ ಹೊರಗಿನ ಡಿಸ್ಕಿಗೆ ಬ್ಯಾಕಪ್ ಮಾಡಿ, ಮಾಡಿದ ಮೇಲೆ ಕಳಚಿ ಬೀರುವಿನಲ್ಲಿಡುತ್ತೇನೆ. ಕಳಚುವುದು ಮುಖ್ಯ, ಯಾಕೆಂದರೆ ಒಂದು ಕಂಪ್ಯೂಟರಿಗೆ ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಂದರೆ ಅದು ಬರೆಯಬಹುದಾದ ಶೇರ್‌ಗಳನ್ನೂ ಬಿಡುವುದಿಲ್ಲ.

ಮಗಳು ಹೊರದೇಶದಲ್ಲಿದ್ದಾಳೆ. ಅಲ್ಲಿಂದ ಮನೆಯ ಫೋಟೊ ನೋಡಬಹುದಾ?

ನೋಡಬಹುದು, ಆದರೆ ರೂಟರಿನಲ್ಲಿ 445ನೇ ಪೋರ್ಟ್ ತೆರೆದು ಎಸ್‌ಎಂಬಿಯನ್ನು ಇಂಟರ್‌ನೆಟ್‌ಗೆ ಬಿಡಬೇಡಿ, ಯಾವ ಕಾರಣಕ್ಕೂ ಬೇಡ. ಹೊರಗಿನಿಂದ ಮನೆಯ ನೆಟ್‌ವರ್ಕ್‌ಗೆ ಗುಟ್ಟಾದ ದಾರಿ ಮಾಡುವ ವೈರ್‌ಗಾರ್ಡ್ ವಿಪಿಎನ್ ಹಾಕಿ. ನಮ್ಮ ಕಡೆ ತುಂಬಾ ಇಂಟರ್‌ನೆಟ್ ಕಂಪನಿಗಳು ಒಂದೇ ಹೊರ ವಿಳಾಸವನ್ನು ಹಲವು ಮನೆಗೆ ಹಂಚಿರುತ್ತವೆ, ಆಗ ಹೊರಗಿನಿಂದ ನೇರ ಒಳಬರಲು ಆಗುವುದಿಲ್ಲ. ಅಂಥ ಕಡೆ ಟೇಲ್‌ಸ್ಕೇಲ್ ಕೆಲಸ ಮಾಡುತ್ತದೆ, ಅದರ ಒಳಗೂ ಇರುವುದು ವೈರ್‌ಗಾರ್ಡೇ. ದೂರದಿಂದ ಎಸ್‌ಎಂಬಿ ನಿಧಾನ ಅನ್ನಿಸುತ್ತದೆ. ಫೋಟೊಗೆ ಮಾತ್ರ ಆದರೆ ಅವಳ ಲ್ಯಾಪ್‌ಟಾಪಿಗೂ ಸಿಂಕ್‌ಥಿಂಗ್ ಹಾಕಿಬಿಡಿ, ರಾತ್ರಿ ಹೊತ್ತು ನಿಧಾನವಾಗಿ ಇಳಿದಿರುತ್ತದೆ, ಮನೆಗೆ ಇನ್ನೊಂದು ಪ್ರತಿಯೂ ಆಯಿತು.

ರೂಟರ್ ಬದಲಾಯಿಸಿದೆವು, ಎಲ್ಲಾ ನಿಂತುಹೋಯಿತು!

ಏನೂ ಹಾಳಾಗಿಲ್ಲ. ಹೊಸ ರೂಟರ್ ಸರ್ವರಿಗೆ ಬೇರೆ ವಿಳಾಸ ಕೊಟ್ಟಿದೆ, ಹಳೇದು 192.168.1 ಅಂತ ಕೊಡುತ್ತಿದ್ದರೆ ಇದು 192.168.0 ಅಂತ ಕೊಡುತ್ತಿರಬಹುದು. ರೂಟರಿನ ಪೇಜಿಗೆ ಹೋಗಿ ಸರ್ವರಿಗೆ ಒಂದು ವಿಳಾಸ ಕಾಯಂ ಮಾಡಿ. ಎನ್‌ಎಫ್‌ಎಸ್ ಆದರೆ ಸರ್ವರಿನ ಆ ಒಂದು ಸಾಲಿನಲ್ಲೂ ಹಳೇ ವಿಳಾಸವೇ ಇರುತ್ತದೆ, ಅದನ್ನೂ ತಿದ್ದಿ. ಆಮೇಲೆ ಆ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದು ಸರ್ವರಿನ ಮೇಲೇ ಅಂಟಿಸಿ, ನೀವು ಊರಲ್ಲಿ ಇಲ್ಲದಾಗ ಮನೆಯವರು ಓದಿ ಹೇಳೋಕೆ ಆಗಬೇಕು.